ಬೆನ್ನ ಹಿಂದಿನ ಹುಕ್ಕು ಯಾರು ಹಾಕಬೇಕು?

ಕಳೆದ ಸಂಚಿಕೆಯ ಈ ಪುಟದಲ್ಲಿ ಒಂದು ಹಳೆಯ ಫೋಟೊ ಹಾಕಿದ್ದೆ. 1920ರ ದಶಕದ ಲಂಡನ್. ಇಬ್ಬರು ಹೆಂಗಸರು ಬಸ್ಸಿಗೆ ಕಾಯುತ್ತಿದ್ದಾರೆ. ಕಿವಿ ಮುಚ್ಚುವ ಟೊಪ್ಪಿ, ಗಿಡ್ಡ ಕೂದಲು, ಮೊಣಕಾಲಿನ ಹತ್ತಿರ ಮುಗಿಯುವ ಫ್ರಾಕು. ಎರಡು ಮಹಾಯುದ್ಧಗಳ ನಡುವಿನ ಹೆಂಗಸರ ಉಡುಪಿನ ಬಗ್ಗೆ ಏನಾದರೂ ಕೇಳಬೇಕು ಅನಿಸಿದರೆ ಬರೆಯಿರಿ ಎಂದಿದ್ದೆ. ರಾಶಿ ಪತ್ರ ಬಂದಿವೆ, ತುಂಬಾ ಖುಷಿಯಾಯಿತು. ಒಂದೇ ವಿಷಯ ಕೇಳಿದವರ ಪತ್ರಗಳನ್ನು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: 1910ರ ಚಿತ್ರಗಳಲ್ಲಿ ಹೆಂಗಸರು ನೆಲ ಗುಡಿಸುವಷ್ಟು ಉದ್ದದ ಗೌನಿನಲ್ಲಿದ್ದಾರೆ. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಕಾಲು ಕಾಣುತ್ತದೆ, ತೋಳು ಕಾಣುತ್ತದೆ. ಇದನ್ನೆಲ್ಲ ಕೊಕೊ ಶನೆಲ್ ಒಬ್ಬರೇ ಮಾಡಿದರು ಅಂತಾರೆ, ನಿಜವಾ? (ಕಾಲೇಜು ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಇಲ್ಲ. ಫ್ರಾನ್ಸಿನ ಉಡುಪು ವಿನ್ಯಾಸಕಿ ಶನೆಲ್ ದೊಡ್ಡ ಹೆಸರು, ಒಪ್ಪುತ್ತೇನೆ. ಆದರೆ ಒಬ್ಬ ದರ್ಜಿ, ಎಷ್ಟೇ ಜಾಣೆಯಾಗಿರಲಿ, ಕೋಟ್ಯಂತರ ಹೆಂಗಸರ ಬಟ್ಟೆ ಬದಲಿಸಲು ಆಗುವುದಿಲ್ಲ. ಅವರ ದಿನಚರಿ ಮೊದಲು ಬದಲಾಗಬೇಕು. ಬಟ್ಟೆ ಅದರ ಹಿಂದೆ ಬರುತ್ತದೆ.

1910ರ ಆ ಗೌನನ್ನು ಸ್ವಲ್ಪ ಹತ್ತಿರದಿಂದ ನೋಡಿ. ಒಳಗೆ ಕಾರ್ಸೆಟ್ ಇದೆ. ಉಕ್ಕಿನ ಪಟ್ಟಿಗಳನ್ನು ಇಟ್ಟು ಹೊಲಿದು, ಬೆನ್ನ ಹಿಂದೆ ದಾರ ಎಳೆದು ಬಿಗಿಯುವ ಒಳಕವಚ ಅದು. ಅದರ ಮೇಲೆ ಲಂಗ, ಲಂಗದ ಮೇಲೆ ಗೌನು. ಗೌನಿಗೆ ಕುತ್ತಿಗೆಯಿಂದ ಸೊಂಟದ ಕೆಳಗಿನವರೆಗೆ ಸಾಲಾಗಿ ಚಿಕ್ಕ ಚಿಕ್ಕ ಹುಕ್ಕು, ಅವೂ ಬೆನ್ನ ಹಿಂದೆ. ಅವನ್ನು ತಾನೇ ಹಾಕಿಕೊಳ್ಳಲು ಯಾರಿಗೆ ಸಾಧ್ಯ ಹೇಳಿ? ಉಳ್ಳವರ ಮನೆಯಲ್ಲಿ ಅದಕ್ಕೆಂದೇ ಕೆಲಸದವಳು ಇದ್ದಳು. ಆ ಉಡುಪಿನ ವಿನ್ಯಾಸದಲ್ಲೇ ಇನ್ನೊಬ್ಬ ಹೆಣ್ಣಿನ ಕೈ ಸೇರಿಕೊಂಡಿತ್ತು.

1914ರಲ್ಲಿ ಯುದ್ಧ ಶುರುವಾಯಿತು. ಗಂಡಸರು ಹೋದರು. ಬ್ರಿಟನ್ನಿನಲ್ಲಿ ಹೆಂಗಸರು ಬಸ್ ಕಂಡಕ್ಟರ್ ಆದರು, ಹೊಲಕ್ಕಿಳಿದರು, ಕಚೇರಿಯಲ್ಲಿ ಟೈಪಿಂಗ್ ಹಿಡಿದರು. ಲಕ್ಷಗಟ್ಟಲೆ ಹೆಂಗಸರು ಮದ್ದುಗುಂಡಿನ ಕಾರ್ಖಾನೆಗೆ ಹೋದರು. ಅಲ್ಲಿ ಟಿಎನ್‌ಟಿ ಎಂಬ ಸ್ಫೋಟಕ ತುಂಬುವವರ ಮೈ ಹಳದಿಗೆ ತಿರುಗುತ್ತಿತ್ತು, ಅವರನ್ನು ಕೆನರಿ ಹಕ್ಕಿಗಳು ಎಂದೇ ಕರೆಯುತ್ತಿದ್ದರು. ಸ್ಫೋಟಕ ಇರುವ ಕೋಣೆಯೊಳಗೆ ಲೋಹದ ತುಣುಕೂ ಬರುವಂತಿರಲಿಲ್ಲ, ಒಂದು ಕಿಡಿ ಹಾರಿದರೆ ಎಲ್ಲ ಮುಗಿಯಿತು. ಹಾಗಾಗಿ ತಲೆಪಿನ್ನು ಬಿಚ್ಚಿಡಬೇಕು, ಉಕ್ಕಿನ ಪಟ್ಟಿಯ ಕಾರ್ಸೆಟ್ ಹಾಕುವಂತಿಲ್ಲ. ಕೂದಲಿಗೆ ಕ್ಯಾಪು, ಮೈಗೆ ಸಡಿಲ ಮೇಲಂಗಿ, ಕೆಲವು ಕಡೆ ಪ್ಯಾಂಟು. ಹನ್ನೆರಡು ಗಂಟೆಯ ಪಾಳಿಯಲ್ಲಿ ಹೀಗೆ ಆರಾಮಾಗಿ ಉಸಿರಾಡಿದವಳು ಮತ್ತೆ ಆ ಬಿಗಿತಕ್ಕೆ ಒಪ್ಪುತ್ತಾಳಾ?

ಮನೆಕೆಲಸ ಬಿಟ್ಟು ಕಾರ್ಖಾನೆಗೆ ಬಂದವರಲ್ಲಿ ಯುದ್ಧ ಮುಗಿದ ಮೇಲೆ ವಾಪಸ್ಸು ಹೋಗಲು ಮನಸ್ಸಿಲ್ಲದವರೇ ಜಾಸ್ತಿ. ಎಷ್ಟೋ ಜನ ಹೊಟ್ಟೆಪಾಡಿಗೆ ಮರಳಿ ಹೋದರು ನಿಜ. ಆದರೂ ಮಧ್ಯಮ ವರ್ಗದ ಮನೆಗೆ ಕೆಲಸದವರು ಸಿಗುವುದು ಕಷ್ಟವಾಯಿತು. ಬೆನ್ನ ಹಿಂದಿನ ಹುಕ್ಕು ಹಾಕುವ ಕೈ ಇಲ್ಲವಾಯಿತು. ತಲೆಯ ಮೇಲಿಂದ ಹಾಕಿಕೊಂಡು ಎರಡು ನಿಮಿಷಕ್ಕೆ ಹೊರಡುವ ಫ್ರಾಕು ಬಂದದ್ದು ಈ ಜಾಗದಲ್ಲಿ. ನಾನು ಹೊಲಿಗೆ ಬಲ್ಲವಳು, ಹಾಗಾಗಿ ನನಗೆ ಇದೇ ಇಡೀ ಕಥೆಯ ಕೀಲಿ ಅನಿಸುತ್ತದೆ. ಸ್ಕರ್ಟ್ ಎಷ್ಟು ಇಂಚು ಮೇಲೆ ಹೋಯಿತು ಎಂದು ಎಲ್ಲರೂ ಕೇಳುತ್ತಾರೆ. ಅದನ್ನು ಯಾರ ಸಹಾಯವಿಲ್ಲದೆ ಹಾಕಿಕೊಳ್ಳಬಹುದಿತ್ತು ಎಂದು ಯಾರೂ ಕೇಳುವುದಿಲ್ಲ.

ಇನ್ನು ಶನೆಲ್. 1913ರಲ್ಲಿ ದೋವಿಲ್ ಎಂಬ ಸಮುದ್ರ ತೀರದ ಊರಿನಲ್ಲಿ ಬಟ್ಟೆ ಅಂಗಡಿ ತೆರೆದರು. ಯುದ್ಧದ ಕೊರತೆಯ ಕಾಲದಲ್ಲಿ ಜೆರ್ಸಿ ಬಟ್ಟೆ ಹಿಡಿದರು. ಅದು ಅಲ್ಲಿಯವರೆಗೆ ಗಂಡಸರ ಒಳ ಉಡುಪಿಗೆ ಬಳಸುತ್ತಿದ್ದ ಹೆಣಿಗೆ ಬಟ್ಟೆ, ಅಗ್ಗ, ಮೈಗೆ ಹಿತ. 1926ರಲ್ಲಿ ಅಮೆರಿಕದ ವೋಗ್ ಪತ್ರಿಕೆ ಅವರ ಒಂದು ಸರಳ ಕಪ್ಪು ಫ್ರಾಕಿನ ಚಿತ್ರ ಹಾಕಿ ಅದನ್ನು ಫೋರ್ಡ್ ಕಾರಿಗೆ ಹೋಲಿಸಿತು, ಎಲ್ಲರೂ ಕೊಳ್ಳುವ ಒಂದೇ ಮಾದರಿ ಎಂಬ ಅರ್ಥದಲ್ಲಿ. ಆ ಕಪ್ಪಿನ ಹಿಂದೆ ಇನ್ನೊಂದು ವಿಷಯ ಇದೆ. ಬ್ರಿಟನ್ ಒಂದರಲ್ಲೇ ಏಳು ಲಕ್ಷಕ್ಕೂ ಹೆಚ್ಚು ಗಂಡಸರು ಯುದ್ಧದಲ್ಲಿ ಸತ್ತಿದ್ದರು, ಫ್ರಾನ್ಸಿನಲ್ಲಿ ಅದರ ಎರಡು ಪಟ್ಟಿನ ಹತ್ತಿರ. ಬೀದಿಗೆ ಒಬ್ಬಳಾದರೂ ಕಪ್ಪು ಉಟ್ಟ ಹೆಣ್ಣು ಇದ್ದೇ ಇದ್ದಳು. ವರ್ಷಗಟ್ಟಲೆ ಮನೆಯೊಳಗೆ ಕೂತು ಶೋಕದ ನಿಯಮ ಪಾಲಿಸಲು ಅವಳಿಗೆ ಪುರುಸೊತ್ತಿರಲಿಲ್ಲ, ಕೆಲಸಕ್ಕೆ ಹೋಗಬೇಕಿತ್ತು. ಕಪ್ಪು ಹಾಗೆ ದಿನದ ಬಣ್ಣವಾಯಿತು.

ಇನ್ನೊಂದು ಮಾತು. 1920 ಬಂದ ಕೂಡಲೇ ಎಲ್ಲರೂ ಮೊಣಕಾಲಿಗೆ ಬಂದರು ಎಂದುಕೊಳ್ಳಬೇಡಿ. 1923ರಲ್ಲಿ ಸ್ಕರ್ಟ್ ಮತ್ತೆ ಪಾದದ ಗಂಟಿನ ಹತ್ತಿರ ಇಳಿದಿತ್ತು. ನಾವು ಸಿನಿಮಾದಲ್ಲಿ ನೋಡುವ ಮೊಣಕಾಲಿನ ಫ್ರಾಕು 1925ರಿಂದ 1928ರವರೆಗಿನದು, ಬರೀ ನಾಲ್ಕು ವರ್ಷ.

ಪ್ರಶ್ನೆ: ಹಾಗಾದರೆ 1920ರಲ್ಲಿ ಹೆಂಗಸರು ಒಳಗಿನ ಬಿಗಿ ಉಡುಪನ್ನೆಲ್ಲ ಬಿಸಾಡಿದರಾ? (ಓದುಗರು, ಬೆಂಗಳೂರು)

ಉತ್ತರ: ಅಷ್ಟು ಸುಲಭವಾಗಿ ಬಿಸಾಡಲಿಲ್ಲ. ಉಕ್ಕು ಹೋಗಿ ರಬ್ಬರಿನ ಎಲಾಸ್ಟಿಕ್ ಬಂತು. ಮೊದಲು ಸೊಂಟ ಸಣ್ಣಗೆ ಕಾಣಲು ಬಿಗಿಯುತ್ತಿದ್ದರು, ಈಗ ಎದೆ ಮತ್ತು ಸೊಂಟದ ಬದಿ ಚಪ್ಪಟೆಯಾಗಿ ಹುಡುಗನ ಹಾಗೆ ಕಾಣಲು ಬಿಗಿದರು. ಇಂಗ್ಲೆಂಡಿನ ಸಿಮಿಂಗ್ಟನ್ ಕಂಪನಿ ಎರಡೂ ಬದಿಗೆ ದಾರ ಇರುವ ಒಂದು ಬ್ರಾ ಮಾಡಿತ್ತು, ದಾರ ಎಳೆದರೆ ಎದೆ ಸಪಾಟಾಗುತ್ತದೆ. ದಪ್ಪ ಮೈಯವರಿಗೆ ಈ ಫ್ಯಾಷನ್ ತುಂಬಾ ಹಿಂಸೆ ಕೊಟ್ಟಿರಬೇಕು. ಬಿಡುಗಡೆ ಸಿಕ್ಕಿತು ಎಂದು ಹೇಳುವಾಗ ನಾನು ಅವರನ್ನೂ ನೆನೆಯುತ್ತೇನೆ.

ಪ್ರಶ್ನೆ: ಆಗ ಕೂದಲು ಕತ್ತರಿಸಿಕೊಂಡವರಿಗೆ ಮನೆಯಲ್ಲಿ ಬೈಗುಳ ಬೀಳಲಿಲ್ಲವೇ? ನಾನು 1974ರಲ್ಲಿ ಜಡೆ ಕತ್ತರಿಸಿದಾಗ ನಮ್ಮಮ್ಮ ಒಂದು ವಾರ ಮಾತಾಡಿರಲಿಲ್ಲ. (ನಿವೃತ್ತ ಶಿಕ್ಷಕಿ, ಮೈಸೂರು)

ಉತ್ತರ: ಬಿತ್ತು ಮೇಡಂ, ಚೆನ್ನಾಗಿಯೇ ಬಿತ್ತು. ಬೈಗುಳ ಅಷ್ಟೇ ಅಲ್ಲ, ಕೂದಲು ಕತ್ತರಿಸಿದವರಿಗೆ ಕೆಲಸ ಕೊಡುವುದಿಲ್ಲ ಎಂದ ಮಾಲೀಕರೂ ಇದ್ದರು. ಗಿಡ್ಡ ಕೂದಲಿಗೆ ಬಾಬ್ ಎಂದು ಹೆಸರು. ಅಮೆರಿಕದ ನರ್ತಕಿ ಐರೀನ್ ಕಾಸಲ್ ಯುದ್ಧ ಶುರುವಾಗುವ ಹೊತ್ತಿಗೇ ಹಾಗೆ ಕತ್ತರಿಸಿಕೊಂಡಿದ್ದರು. ಹತ್ತು ವರ್ಷದಲ್ಲಿ ಅದು ಎಲ್ಲೆಡೆ ಹರಡಿತು. ಹೆಂಗಸರ ಪಾರ್ಲರುಗಳಿಗೆ ಕೂದಲು ಎತ್ತಿ ಕಟ್ಟುವುದು ಗೊತ್ತಿತ್ತು, ಗಿಡ್ಡಗೆ ಕತ್ತರಿಸಲು ಸರಿಯಾಗಿ ಬರುತ್ತಿರಲಿಲ್ಲ. ಹಾಗಾಗಿ ಹೆಂಗಸರು ಸೀದಾ ಗಂಡಸರ ಕಟಿಂಗ್ ಶಾಪಿಗೆ ಹೋಗಿ ಸಾಲಿನಲ್ಲಿ ಕೂತರು. ಆ ದೃಶ್ಯ ಎಷ್ಟು ಜನರನ್ನು ಕೆರಳಿಸಿರಬಹುದು, ಊಹಿಸಿಕೊಳ್ಳಿ.

ಆ ಗಂಟೆಯಾಕಾರದ ಟೊಪ್ಪಿ, ಅದನ್ನು ಕ್ಲೋಷ್ ಅನ್ನುತ್ತಾರೆ, ತುರುಬಿನ ಮೇಲೆ ಕೂರುವುದೇ ಇಲ್ಲ. ಹುಬ್ಬಿನವರೆಗೆ ಇಳಿಯುವ ಟೊಪ್ಪಿ ಅದು, ಮುಂದೆ ನೋಡಬೇಕಾದರೆ ಗದ್ದ ಎತ್ತಬೇಕು. ಆ ಕಾಲದ ಫೋಟೊಗಳಲ್ಲಿ ಹೆಂಗಸರು ತಲೆ ಎತ್ತಿ ನಿಂತಂತೆ ಕಾಣುವುದಕ್ಕೆ ಟೊಪ್ಪಿಯದ್ದೂ ಪಾಲಿದೆ.

ನಿಮ್ಮ ಪತ್ರ ಓದಿದಾಗ ಮನಸ್ಸು ಭಾರವಾಯಿತು. ಅದೇ 1920ರ ದಶಕದಲ್ಲಿ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹೆಣ್ಣಿನ ತಲೆಗೆ ಕತ್ತಿ ಬಿದ್ದದ್ದು ಗಂಡ ಸತ್ತ ಕಾರಣಕ್ಕೆ, ಅವಳನ್ನು ಯಾರೂ ಕೇಳದೆ. ಅಲ್ಲಿ ತಾನೇ ಆರಿಸಿಕೊಂಡ ಗಿಡ್ಡ ಕೂದಲು, ಇಲ್ಲಿ ಹೇರಿದ ಬೋಳುತಲೆ. ನಿಮ್ಮಮ್ಮನ ಆ ಒಂದು ವಾರದ ಮೌನದಲ್ಲಿ ಸಿಟ್ಟಿಗಿಂತ ಅಪಶಕುನದ ಭಯ ಇತ್ತೇನೋ ಅಂತ ನನಗನಿಸುತ್ತದೆ.

ಪ್ರಶ್ನೆ: 1930ರಲ್ಲಿ ಸ್ಕರ್ಟ್ ಮತ್ತೆ ಉದ್ದವಾಯಿತು. ಷೇರುಪೇಟೆ ಬಿದ್ದರೆ ಸ್ಕರ್ಟೂ ಇಳಿಯುತ್ತದೆ ಅನ್ನುವ ಮಾತು ಇದರಿಂದಲೇ ಬಂತಾ? (ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ)

ಉತ್ತರ: ಆ ಮಾತಿಗೆ ಎಲ್ಲರೂ ಕೊಡುವ ಉದಾಹರಣೆ ಇದೇ. ಆದರೆ ತಾರೀಖು ನೋಡಿದರೆ ಲೆಕ್ಕ ತಪ್ಪುತ್ತದೆ. ಪ್ಯಾರಿಸ್ಸಿನ ಉಡುಪು ವಿನ್ಯಾಸಕ ಜಾನ್ ಪತೂ ಉದ್ದನೆಯ ಸ್ಕರ್ಟುಗಳನ್ನು ತೋರಿಸಿದ್ದು 1929ರ ಬೇಸಿಗೆಯಲ್ಲಿ, ಚಳಿಗಾಲದ ಸಂಗ್ರಹ ಎಂದು. ನ್ಯೂಯಾರ್ಕ್ ಷೇರುಪೇಟೆ ಕುಸಿದಿದ್ದು ಅಕ್ಟೋಬರಿನಲ್ಲಿ. ಸ್ಕರ್ಟ್ ಮೊದಲು ಇಳಿಯಿತು, ಪೇಟೆ ಆಮೇಲೆ.

ಆದರೆ ಆ ಉದ್ದ ಹಲವು ವರ್ಷ ನಿಂತಿತಲ್ಲ, ಅದರಲ್ಲಿ ಬಡತನದ ನೆರಳಿದೆ. ಕೆಲಸ ಇಲ್ಲದ ಗಂಡಸರು ಬೀದಿಯಲ್ಲಿ ನಿಂತಾಗ ಮದುವೆಯಾದ ಹೆಂಗಸರಿಗೆ ನೌಕರಿ ಯಾಕೆ ಎಂಬ ಮಾತು ಎದ್ದಿತು. ಬ್ರಿಟನ್ನಿನಲ್ಲಿ ಸರ್ಕಾರಿ ಕಚೇರಿಗಳಲ್ಲಿ, ಎಷ್ಟೋ ಶಾಲೆಗಳಲ್ಲಿ ಮದುವೆಯಾದ ಕೂಡಲೇ ಹೆಣ್ಣು ಕೆಲಸ ಬಿಡಬೇಕಿತ್ತು. ಅಮೆರಿಕದಲ್ಲಿ 1932ರ ಒಂದು ಕಾಯ್ದೆ ಬಂತು. ಗಂಡ ಹೆಂಡತಿ ಇಬ್ಬರೂ ಕೇಂದ್ರ ಸರ್ಕಾರದ ನೌಕರರಾಗಿದ್ದರೆ, ಕಡಿತದ ಸಮಯದಲ್ಲಿ ಅಂಥವರನ್ನು ಮೊದಲು ತೆಗೆಯಬೇಕು ಎಂದಿತು. ಮನೆಗೆ ಹೋದವರು ಹೆಚ್ಚಾಗಿ ಹೆಂಡತಿಯರೇ. ಉಡುಪಿನಲ್ಲಿ 1920ರ ದಶಕದಲ್ಲಿ ಕೆಳಗೆ ಇಳಿದಿದ್ದ ಸೊಂಟದ ಗೆರೆ ಮತ್ತೆ ತನ್ನ ಜಾಗಕ್ಕೆ ಬಂತು, ಹುಡುಗನ ಹಾಗಿದ್ದ ಆಕಾರ ಹೋಗಿ ಮೈಯ ತಿರುವು ಕಾಣತೊಡಗಿತು. ಹೆಂಡತಿಯರು ಕೆಲಸ ಬಿಟ್ಟು ಮನೆಗೆ ಹೋದದ್ದು, ಉಡುಪು ಹೀಗೆ ಬದಲಾದದ್ದು, ಈ ಎರಡೂ ಒಟ್ಟಿಗೆ ನಡೆದವು. ಒಂದು ಇನ್ನೊಂದರಿಂದಲೇ ಆಯಿತು ಎಂದು ನಾನು ಹೇಳುವುದಿಲ್ಲ, ಆದರೆ ಕಣ್ಣಿಗೆ ಬೀಳದೆ ಇರುವುದಿಲ್ಲ.

ಆ ತಿರುವು ತಂದ ಕಲೆ ಮಾತ್ರ ಬಹಳ ಚಂದ. ಅದರ ದೊಡ್ಡ ಹೆಸರು ಮ್ಯಾಡ್ಲೀನ್ ವಿಯೊನೆ. ನೀವು ಬ್ಯಾಂಕಿನವರು, ಮನೆಯಲ್ಲಿ ಹೊಲಿಯುವವರಿದ್ದರೆ ಕೇಳಿ, ಕ್ರಾಸ್ ಕಟಿಂಗ್ ಅಂದರೆ ಏನು ಅಂತ. ಬಟ್ಟೆಯನ್ನು ನೂಲಿನ ಉದ್ದಕ್ಕೆ ಕತ್ತರಿಸದೆ ಓರೆಯಾಗಿ, 45 ಡಿಗ್ರಿಗೆ ಕತ್ತರಿಸುವುದು. ಓರೆಯಾಗಿ ಎಳೆದರೆ ಎಂಥ ಗಟ್ಟಿ ಬಟ್ಟೆಯೂ ಹಿಗ್ಗುತ್ತದೆ. ಒಂದು ಕರ್ಚೀಫಿನ ಎದುರುಬದುರಿನ ಎರಡು ಮೂಲೆ ಹಿಡಿದು ಎಳೆದು ನೋಡಿ, ಗೊತ್ತಾಗುತ್ತದೆ. ಇಡೀ ಗೌನನ್ನೇ ಹೀಗೆ ಕತ್ತರಿಸಿದರೆ ಅದು ಹುಕ್ಕಿಲ್ಲದೆ, ಕಾರ್ಸೆಟ್ ಇಲ್ಲದೆ ಮೈಮೇಲೆ ನೀರಿನ ಹಾಗೆ ಇಳಿಯುತ್ತದೆ. ವಿಯೊನೆ ಮೊದಲು ಒಂದು ಮರದ ಗೊಂಬೆಯ ಮೇಲೆ ಬಟ್ಟೆ ಸುತ್ತಿ ಸುತ್ತಿ ನೋಡುತ್ತಿದ್ದರು, ಆಮೇಲೆ ದೊಡ್ಡ ಅಳತೆಗೆ ಕತ್ತರಿ. ನಕಲು ತಡೆಯಲು ಲೇಬಲ್ಲಿನ ಮೇಲೆ ತಮ್ಮ ಹೆಬ್ಬೆರಳಿನ ಗುರುತು ಒತ್ತುತ್ತಿದ್ದರು. ತಾವೂ ಚಿಕ್ಕ ವಯಸ್ಸಿನಲ್ಲೇ ಹೊಲಿಗೆ ಕೆಲಸಕ್ಕೆ ಸೇರಿದವರು. ಅದಕ್ಕೇ ಇರಬೇಕು, ತಮ್ಮ ಹೊಲಿಗೆ ಮನೆಯ ಹೆಂಗಸರಿಗೆ ಸಂಬಳ ಸಹಿತ ರಜೆ, ಡಾಕ್ಟರು, ಹಲ್ಲಿನ ಡಾಕ್ಟರು, ಹೆರಿಗೆಗೆ ಸಹಾಯ ಎಲ್ಲವನ್ನೂ ಕೊಟ್ಟರು. ನನಗೆ ಶನೆಲ್‌ಗಿಂತ ವಿಯೊನೆ ಇಷ್ಟ.

ಇದೇ ವರ್ಷಗಳಲ್ಲಿ ಅಮೆರಿಕದ ಹಳ್ಳಿಗಳಲ್ಲಿ ಹೆಂಗಸರು ಹಿಟ್ಟಿನ ಚೀಲ, ಕೋಳಿ ಆಹಾರದ ಚೀಲ ಬಿಚ್ಚಿ, ಒಗೆದು, ಮಕ್ಕಳಿಗೂ ತಮಗೂ ಬಟ್ಟೆ ಹೊಲಿದರು. ಕಂಪನಿಗಳಿಗೆ ಇದು ಗೊತ್ತಾಗಿ ಚೀಲದ ಮೇಲೆ ಹೂವಿನ ಅಚ್ಚು ಹಾಕತೊಡಗಿದವು, ಹೆಸರು ಒಗೆದರೆ ಹೋಗುವ ಶಾಯಿಯಲ್ಲಿ. ಒಂದು ಫ್ರಾಕಿಗೆ ಒಂದೇ ಡಿಸೈನಿನ ಚೀಲ ಒಂದಕ್ಕಿಂತ ಹೆಚ್ಚು ಬೇಕಲ್ಲ, ಅದಕ್ಕೆ ಅಂಗಡಿಯಲ್ಲಿ ಹುಡುಕಿ ಹುಡುಕಿ ಜೋಡಿ ಮಾಡುತ್ತಿದ್ದರು.

ಪ್ರಶ್ನೆ: ಪ್ಯಾರಿಸ್ಸಿನಲ್ಲಿ ಹೆಂಗಸರು ಪ್ಯಾಂಟ್ ಹಾಕುವುದು ಕಾನೂನಿಗೆ ವಿರುದ್ಧವಾಗಿತ್ತಂತೆ. ಫ್ಯಾಷನ್ನಿನ ರಾಜಧಾನಿಯಲ್ಲೇ ಹೀಗಾ? (ಓದುಗರು, ಮಂಗಳೂರು)

ಉತ್ತರ: ಹೌದು. 1800ರ ಒಂದು ಪೊಲೀಸ್ ಆದೇಶ ಅದು, ಗಂಡಸರ ಉಡುಪು ಹಾಕಲು ಹೆಣ್ಣು ಪರವಾನಗಿ ಪಡೆಯಬೇಕಿತ್ತು. 1892 ಮತ್ತು 1909ರಲ್ಲಿ ಸಡಿಲ ಮಾಡಿದರು: ಸೈಕಲ್ಲಿನ ಹ್ಯಾಂಡಲ್ ಅಥವಾ ಕುದುರೆಯ ಲಗಾಮು ಕೈಯಲ್ಲಿದ್ದರೆ ಪರವಾಗಿಲ್ಲ. 1930ರಲ್ಲಿ ವಿಯೊಲೆಟ್ ಮೊರಿಸ್ ಎಂಬ ಕ್ರೀಡಾಪಟು ತನ್ನನ್ನು ಹೊರಗಿಟ್ಟ ಕ್ರೀಡಾ ಸಂಘದ ಮೇಲೆ ಕೇಸು ಹಾಕಿದಾಗ ಅವರ ಪ್ಯಾಂಟೇ ದೊಡ್ಡ ಚರ್ಚೆಯಾಯಿತು, ಕೇಸು ಸೋತರು. ಆ ಆದೇಶಕ್ಕೆ ಈಗ ಬೆಲೆಯಿಲ್ಲ ಎಂದು ಸರ್ಕಾರ ಹೇಳಿದ್ದು 2013ರಲ್ಲಿ. ಫ್ರಾನ್ಸಿನ ಹೆಂಗಸರಿಗೆ ಮತದಾನದ ಹಕ್ಕು ಸಿಕ್ಕಿದ್ದೂ 1944ರಲ್ಲಿ, ಬ್ರಿಟನ್ನಿನಲ್ಲಿ 21 ತುಂಬಿದ ಎಲ್ಲ ಹೆಂಗಸರಿಗೂ ಸಿಕ್ಕು ಹದಿನಾರು ವರ್ಷ ಆದ ಮೇಲೆ.

ದಾರಿ ತೆರೆದಿದ್ದು ಆಟದ ಮೈದಾನದಲ್ಲಿ. 1919ರ ವಿಂಬಲ್ಡನ್‌ನಲ್ಲಿ ಫ್ರಾನ್ಸಿನ ಟೆನಿಸ್ ಆಟಗಾರ್ತಿ ಸುಜಾನ್ ಲೆಂಗ್ಲೆನ್ ಕಾರ್ಸೆಟ್ ಇಲ್ಲದೆ, ಮೀನಖಂಡದವರೆಗಿನ ಸ್ಕರ್ಟಿನಲ್ಲಿ ಆಡಿ ಗೆದ್ದರು. ಎರಡು ವರ್ಷದ ನಂತರ ಪತೂ ಅವರಿಗೆ ತೋಳಿಲ್ಲದ ಮೇಲಂಗಿ, ನೆರಿಗೆಯ ಸ್ಕರ್ಟ್ ಹೊಲಿದುಕೊಟ್ಟರು. 1931ರಲ್ಲಿ ಸ್ಪೇನಿನ ಲಿಲಿ ಅಲ್ವಾರೆಸ್ ಎರಡು ಕಾಲಿನ ಸ್ಕರ್ಟಿನಲ್ಲಿ ಅದೇ ವಿಂಬಲ್ಡನ್ನಿಗೆ ಬಂದರು, ಅದನ್ನು ಮಾಡಿದ್ದು ಪ್ಯಾರಿಸ್ಸಿನ ಇನ್ನೊಬ್ಬ ವಿನ್ಯಾಸಕಿ ಸ್ಕಿಯಾಪರೆಲ್ಲಿ. ಗೆಲ್ಲುವ ಹೆಣ್ಣಿನ ಬಟ್ಟೆಯನ್ನು ಬೈಯುವುದು ಸ್ವಲ್ಪ ಕಷ್ಟ, ಅಲ್ವಾ?

ಪ್ರಶ್ನೆ: ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತೇನೆ. ಹೌಸ್‌ಫೋಗ್ಟೈಪ್ಲಾಟ್ಸ್ ಮೆಟ್ರೊ ನಿಲ್ದಾಣದ ಮೆಟ್ಟಿಲುಗಳ ಮೇಲೆ ಹೆಸರುಗಳಿವೆ, ಮೇಲೆ ಕನ್ನಡಿಗಳ ಸ್ಮಾರಕ ಇದೆ. ಬಟ್ಟೆ ವ್ಯಾಪಾರಕ್ಕೆ ಸಂಬಂಧಿಸಿದ್ದು ಅಂತಾರೆ. ಏನದು? (ಬರ್ಲಿನ್ ಕನ್ನಡಿಗರೊಬ್ಬರು)

ಉತ್ತರ: ಆ ಚೌಕ ಮತ್ತು ಅದರ ಸುತ್ತಿನ ಬೀದಿಗಳು ಜರ್ಮನಿಯ ಸಿದ್ಧ ಉಡುಪಿನ ಹೃದಯವಾಗಿದ್ದವು. ಪ್ಯಾರಿಸ್ಸಿನ ಮಾದರಿ ನೋಡಿ, ಕಡಿಮೆ ಬೆಲೆಗೆ ಹೊಲಿಸಿ, ಟೈಪಿಸ್ಟ್ ಹುಡುಗಿಯರೂ ಅಂಗಡಿ ಹುಡುಗಿಯರೂ ಕೊಳ್ಳುವಂತೆ ಮಾಡಿದವರು ಅಲ್ಲಿಯವರು. ಹೆಚ್ಚಿನ ಮಳಿಗೆಗಳು ಯಹೂದಿಗಳದು. 1933ರಲ್ಲಿ ನಾಜಿಗಳು ಬಂದರು. ಯಹೂದಿಗಳನ್ನು ಬಟ್ಟೆ ಉದ್ಯಮದಿಂದ ಓಡಿಸಲೆಂದೇ ಅಡೆಫಾ ಎಂಬ ಸಂಘ ಹುಟ್ಟಿತು. ಬಹಿಷ್ಕಾರ, ಬೆದರಿಕೆ, ಕವಡೆ ಕಾಸಿಗೆ ಬಲವಂತದ ಮಾರಾಟ. 1939ರ ಹೊತ್ತಿಗೆ ಅಲ್ಲಿ ಯಹೂದಿ ಮಳಿಗೆ ಉಳಿದಿರಲಿಲ್ಲ. ಮಾಲೀಕರು, ಕತ್ತರಿ ಹಿಡಿದವರು, ಹೊಲಿದವರು, ಎಷ್ಟೋ ಜನ ದೇಶ ಬಿಟ್ಟರು, ಎಷ್ಟೋ ಜನರನ್ನು ಕೊಂದರು. ನೀವು ಹತ್ತುವ ಮೆಟ್ಟಿಲುಗಳ ಮೇಲಿರುವುದು ಆ ಮಳಿಗೆಗಳ ಹೆಸರು. ದಯವಿಟ್ಟು ಒಂದು ದಿನ ನಿಂತು ಓದಿ.

ಪ್ರಶ್ನೆ: ಈ ಗಾಳಿ ನಮ್ಮ ಕಡೆ ಬೀಸಲಿಲ್ಲವಾ? (ಓದುಗರು, ಕಲಬುರಗಿ)

ಉತ್ತರ: ಬೀಸಿತು, ಆದರೆ ಸೀರೆ ಬಿಡಿಸಲಿಲ್ಲ. ಕೂಚ್ ಬೆಹಾರಿನ ರಾಣಿ ಇಂದಿರಾದೇವಿ ಫ್ರಾನ್ಸಿನಿಂದ ಶಿಫಾನ್ ತರಿಸಿ ಸೀರೆಯಾಗಿ ಉಟ್ಟರು, ಇವತ್ತು ಅಂಗಡಿಯಲ್ಲಿ ಸಿಗುವ ಶಿಫಾನ್ ಸೀರೆಯ ರೂಢಿಗೆ ಅವರ ಹೆಸರೇ ಮೊದಲು ಬರುತ್ತದೆ. ಆರ್ಟ್ ಸಿಲ್ಕ್ ಅನ್ನುವ ಮಾತೂ ಆ ಕಾಲದ್ದೇ. ಆರ್ಟಿಫಿಶಿಯಲ್ ಎಂಬುದನ್ನು ಮೊಟಕು ಮಾಡಿದ್ದು, ಅಂದರೆ ರೇಯಾನ್. ಲಂಡನ್ನಿನ ಟೈಪಿಸ್ಟ್ ಹುಡುಗಿಗೆ ರೇಷ್ಮೆಯಂತೆ ಹೊಳೆಯುವ ಕಾಲುಚೀಲ ಕೈಗೆಟುಕಿದ್ದು ಅದರಿಂದ. ನಮ್ಮ ಮೈಸೂರು ಸೀಮೆಯ ರೇಷ್ಮೆ ಬೆಳೆಗಾರರಿಗೆ ಅದೇ ನೂಲು ಪೆಟ್ಟು ಕೊಟ್ಟಿತು. ಇನ್ನೊಂದು ಕಡೆ, 1921ರಿಂದ ವಿದೇಶಿ ಬಟ್ಟೆಗೆ ಬೆಂಕಿ ಇಟ್ಟು ದಪ್ಪ ಖಾದಿ ಸೀರೆ ಉಟ್ಟವರು ಇದ್ದಾರೆ. ಯುರೋಪಿನಲ್ಲಿ ಬಟ್ಟೆ ಹಗುರವಾದಷ್ಟೂ ಹೊಸ ಹೆಣ್ಣು ಅನ್ನಿಸಿಕೊಂಡಳು, ನಮ್ಮಲ್ಲಿ ಒಗೆಯಲೂ ಕಷ್ಟವಾದ ಭಾರದ ಸೀರೆ ಉಟ್ಟು ಹೆಣ್ಣು ಬೀದಿಗಿಳಿದಳು. ಇದರ ಬಗ್ಗೆ ಒಂದು ಇಡೀ ಸಂಚಿಕೆ ಬರೆಯುವ ಆಸೆ ಇದೆ.

ಪ್ರಶ್ನೆ: ಮಗಳ ಕಾಲೇಜಿನ ಕಾರ್ಯಕ್ರಮಕ್ಕೆ 1920ರ ಫ್ರಾಕ್ ಬೇಕಂತೆ. ಸಾದಾ ಮಿಷನ್ ಇದೆ, ಬ್ಲೌಸ್ ಹೊಲಿಯುತ್ತೇನೆ. ನನ್ನಿಂದ ಆಗುತ್ತಾ? (ಗೃಹಿಣಿ, ಶಿವಮೊಗ್ಗ)

ಉತ್ತರ: ಖಂಡಿತ ಆಗುತ್ತೆ, ಬ್ಲೌಸಿಗಿಂತ ಸುಲಭ. ಆ ಕಾಲದ ಅಮೆರಿಕದಲ್ಲಿ ಇದನ್ನು ಒಂದು ಗಂಟೆಯ ಫ್ರಾಕು ಎಂದೇ ಹೇಳಿಕೊಡುತ್ತಿದ್ದರು. ಫ್ಯಾಷನ್ ಬಡವರ ಮನೆಗೂ ಹೋದದ್ದು ಹೀಗೆ: ಟಕ್ಸ್ ಇಲ್ಲ, ಅಳತೆಯ ತಲೆನೋವು ಇಲ್ಲ, ಮನೆಯಲ್ಲಿ ಒಂದು ಮಿಷನ್ ಇದ್ದರೆ ಸಾಕು.

ಭುಜದಿಂದ ಮೊಣಕಾಲಿನವರೆಗೆ ಅಳೆದು ಅದರ ಎರಡರಷ್ಟು ಬಟ್ಟೆ ತನ್ನಿ, ಅಂಚು ಮಡಿಸಲು ಸ್ವಲ್ಪ ಜಾಸ್ತಿ ಇರಲಿ. ಜಾರ್ಜೆಟ್ ಅಥವಾ ಕ್ರೇಪ್ ಆಗಲಿ, ಬಿರುಸಾದ ಕಾಟನ್ ಬೇಡ, ಬೀಳುವುದಿಲ್ಲ. ಭುಜದ ಹತ್ತಿರ ಅಡ್ಡಲಾಗಿ ಮಡಿಸಿ, ಆಮೇಲೆ ಉದ್ದಕ್ಕೆ ಇನ್ನೊಂದು ಮಡಿಕೆ. ಮಡಿಕೆಯ ಮೂಲೆಯಲ್ಲಿ ಕುತ್ತಿಗೆ ಕತ್ತರಿಸಿ, ತಲೆ ಸಲೀಸಾಗಿ ಹೋಗುವಷ್ಟು. ಕಂಕುಳಿನಿಂದ ಸೊಂಟದ ಕೆಳಗಿನವರೆಗೆ ಬದಿಯ ಬಟ್ಟೆ ತೆಗೆಯಿರಿ, ಮೈಗಿಂತ ನಾಲ್ಕೈದು ಇಂಚು ಸಡಿಲ ಬಿಟ್ಟು. ಗಿಡ್ಡ ತೋಳು ಅದರಲ್ಲೇ ಸೇರಿಕೊಂಡು ಬರುತ್ತದೆ. ಅಲ್ಲಿಂದ ಕೆಳಗೆ ಬಟ್ಟೆಯ ಪೂರ್ತಿ ಅಗಲ ಹಾಗೇ ಇರಲಿ. ಆ ಹೆಚ್ಚುವರಿ ಅಗಲವನ್ನು ಎರಡೂ ಬದಿಗೆ ನೆರಿಗೆ ಹಿಡಿದು ಮೇಲಿನ ಭಾಗಕ್ಕೆ ಕೂಡಿಸಿ, ಬದಿ ಹೊಲಿಯಿರಿ. ನೆರಿಗೆ ಸೊಂಟದ ಮೇಲೆ ಬರಬಾರದು, ಕೆಳಗೆ ಇಳಿದಿರಬೇಕು. ಆ ಕಾಲದ ನೋಟ ಬರುವುದೇ ಅದರಿಂದ. ಕುತ್ತಿಗೆಗೆ ಕ್ರಾಸ್ ಪೀಸ್ ಕೊಡಿ, ಸೊಂಟದ ಕೆಳಗೆ ಒಂದು ರಿಬ್ಬನ್ ಕಟ್ಟಿ.

ಬೆನ್ನಿಗೆ ಹುಕ್ಕು ಮಾತ್ರ ಇಡಬೇಡಿ. ತಲೆಯಿಂದ ಅವಳೇ ಹಾಕಿಕೊಳ್ಳಲಿ.